ಬರ್ಫದ ಯಂತ್ರ ಮತ್ತು ನರೇಗಲ್ಲಿನ ನೀರು

ಗದಗ ಜಿಲ್ಲೆಯ ಎರೆಸೀಮೆಯಲ್ಲಿರುವ ನರೇಗಲ್ಲಿನ ಬೇಸಿಗೆಯನ್ನು ಕಂಡವರಿಗೆ ಬರ್ಫದ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ. ಮಂಜುಗಡ್ಡೆಗೆ ಈ ಭಾಗದಲ್ಲಿ ಬಳಕೆಯಲ್ಲಿರುವ ‘ಬರ್ಫ’ ಎಂಬ ಮಾತು ಫಾರಸಿ ಭಾಷೆಯದು. ಮಾತು ದೂರದಿಂದ ಬಂದಂತೆ ವಸ್ತುವೂ ದೂರದಿಂದಲೇ ಬಂದಿತು. ಹಿಮ ಬೀಳದ ನಾಡಿಗೆ ಬರ್ಫ ಹೇಗೆ ಬಂದಿತು, ಕೊನೆಗೆ ಅಡುಗೆಮನೆಯ ಪೆಟ್ಟಿಗೆಯೊಳಗೆ ಹೇಗೆ ಸೇರಿತು ಎಂಬುದು ಒಂದು ಸ್ವಾರಸ್ಯಕರ ಕಥೆ. ಆ ಕಥೆಯನ್ನು ಕೆದಕುವ ಪ್ರಸಂಗ ನನಗೆ ಬಂದದ್ದು ಒಂದು ಕೆಟ್ಟ ಐಸ್ ಮೇಕರಿನಿಂದ.

ನರೇಗಲ್ಲಿನಲ್ಲಿ ನನಗೆ ಪರಿಚಯದ ಒಂದು ಮನೆಯಿದೆ. ಮನೆಯೊಡತಿ ಬೇಸಿಗೆಯಲ್ಲಿ ಮಜ್ಜಿಗೆ ಮತ್ತು ಲಿಂಬು ಶರಬತ್ತು ಮಾಡಿ ಮಾರುತ್ತಾರೆ. ಬೆಂಗಳೂರಿನಲ್ಲಿದ್ದ ಮಗ ಊರಿಗೆ ಮರಳುವಾಗ ತಂದ ದೊಡ್ಡ ಫ್ರಿಜ್ಜಿನಲ್ಲಿ, ನಳದಿಂದ ತಾನೇ ನೀರು ಎಳೆದುಕೊಂಡು ಬರ್ಫ ಮಾಡುವ ಐಸ್ ಮೇಕರ್ ಇತ್ತು. ಮೊದಲು ಬಿಲ್ಲೆಗಳು ತೆಳುವಾದವು, ಆಮೇಲೆ ಬರುವುದೇ ನಿಂತಿತು. “ಬೆಂಗಳೂರಾಗ ಚಲೋ ಇತ್ರಿ ಸರ. ಇಲ್ಲಿಗೆ ಬಂದು ಎರಡು ತಿಂಗಳಾಗಿಲ್ಲ, ಕೆಟ್ಟು ಕುಂತೈತಿ” ಎಂದರು ಆ ತಾಯಿ. ನೋಡಿಹೋದ ಮೆಕ್ಯಾನಿಕ್ ಇಡೀ ಐಸ್ ಮೇಕರನ್ನೇ ಬದಲಿಸಬೇಕೆಂದು ಹೇಳಿದ್ದ. ಅದಕ್ಕೆ ಬೇಕಾದ ಹಣ ಒಂದು ಬೇಸಿಗೆಯ ವ್ಯಾಪಾರದಲ್ಲಿ ಉಳಿಯುವ ಲಾಭದಷ್ಟಿತ್ತು.

ಯಂತ್ರ ನಿಜವಾಗಿಯೂ ಕೆಟ್ಟಿತ್ತೆ? ಬೆಂಗಳೂರಿನಲ್ಲಿ ನಡೆದದ್ದು ನರೇಗಲ್ಲಿನಲ್ಲಿ ಏಕೆ ನಿಂತಿತು? ಇದಕ್ಕೆ ಉತ್ತರ ಬೇಕಾದರೆ ಬರ್ಫದ ಇತಿಹಾಸದತ್ತ ಒಮ್ಮೆ ನೋಡಬೇಕು. ಈ ಇತಿಹಾಸವನ್ನು ನಾವು ಸಾಮಾನ್ಯವಾಗಿ ಚಳಿಯ ಇತಿಹಾಸವೆಂದು ಓದುತ್ತೇವೆ. ಆದರೆ ಅದು ಅಷ್ಟೇ ಮಟ್ಟಿಗೆ ನೀರಿನ ಇತಿಹಾಸವೂ ಹೌದು.

ಮಣ್ಣಿನ ತಟ್ಟೆಯಲ್ಲಿ ಬರ್ಫ

ಅಕ್ಬರನ ಕಾಲದ ‘ಐನ್-ಎ-ಅಕ್ಬರಿ’ಯಲ್ಲಿ ಪೆಟ್ಲುಪ್ಪಿನಿಂದ ನೀರನ್ನು ತಂಪು ಮಾಡುವ ಕ್ರಮದ ವರ್ಣನೆಯಿದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಉಷ್ಣವನ್ನು ಹೀರುತ್ತದೆ. ಆ ದ್ರಾವಣದಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಅಲುಗಾಡಿಸಿದರೆ ಒಳಗಿನ ನೀರು ತಂಪಾಗುತ್ತದೆ. ಆದರೆ ಇದು ತಂಪು ನೀರಿನ ಮಾತಾಯಿತು, ಬರ್ಫದ ಮಾತಲ್ಲ.

ಬಯಲು ಸೀಮೆಯಲ್ಲೇ ಬರ್ಫ ಮಾಡುತ್ತಿದ್ದ ರೀತಿಯನ್ನು ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ. ಅಲಹಾಬಾದಿನ ಸುತ್ತ ಚಳಿಗಾಲದಲ್ಲಿ ತೆರೆದ ಬಯಲಿನಲ್ಲಿ ಸುಮಾರು 30 ಅಡಿ ಚದರದ, 2 ಅಡಿ ಆಳದ ಗುಂಡಿ ತೋಡಿ, ತಳದಲ್ಲಿ ಒಣಗಿದ ಕಬ್ಬಿನ ಇಲ್ಲವೆ ಜೋಳದ ದಂಟನ್ನು ದಪ್ಪಗೆ ಹರಡುತ್ತಿದ್ದರು. ಅದರ ಮೇಲೆ ಸಣ್ಣ ರಂಧ್ರಗಳಿರುವ, ಹೊಳಪು ಹಚ್ಚದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಇಟ್ಟು, ಸಂಜೆ ನೀರು ತುಂಬಿ, ಸೂರ್ಯ ಹುಟ್ಟುವ ಮೊದಲೇ ಬರ್ಫವನ್ನು ಕೂಡಿಸುತ್ತಿದ್ದರು. ಗಾಳಿಯ ಉಷ್ಣತೆ ಶೂನ್ಯಕ್ಕೆ ಇಳಿಯದ ರಾತ್ರಿಗಳಲ್ಲೂ ಬರ್ಫ ಕಟ್ಟುತ್ತಿತ್ತು! ತಟ್ಟೆಯ ನೀರು ನಿರಭ್ರ ಆಕಾಶಕ್ಕೆ ವಿಕಿರಣದ ಮೂಲಕ ಉಷ್ಣವನ್ನು ಕಳೆದುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣವೆಂದು 1814ರಲ್ಲಿ ಇಬ್ಬನಿಯ ಮೇಲೆ ಪ್ರಬಂಧ ಬರೆದ ವಿಲಿಯಂ ಚಾರ್ಲ್ಸ್ ವೆಲ್ಸ್ ತೋರಿಸಿದ. ಕೆಳಗಿನ ದಂಟು ನೆಲದ ಉಷ್ಣವನ್ನು ತಡೆಯುತ್ತಿತ್ತು. ಜೊತೆಗೆ ಆವೀಕರಣದ ನೆರವೂ ಇತ್ತು.

ಬಾರ್ಕರನ ವರದಿಯಲ್ಲಿ ಸುಲಭವಾಗಿ ಕಣ್ಣುತಪ್ಪುವ ಒಂದು ಮಾತಿದೆ. ತಟ್ಟೆಗೆ ತುಂಬುತ್ತಿದ್ದದ್ದು ಎಂಥದೋ ನೀರಲ್ಲ. ಕುದಿಸಿ ಆರಿಸಿದ ಮೆದು ನೀರು. ಕುದಿಸಿದ ನೀರು ಬೇಗ ಹೆಪ್ಪುಗಟ್ಟುತ್ತದೆಯೇ ಎಂಬ ಬಗ್ಗೆ ಗುಪ್ತೋಷ್ಣವನ್ನು ಕಂಡುಹಿಡಿದ ಜೋಸೆಫ್ ಬ್ಲ್ಯಾಕ್ ಅದೇ ವರ್ಷ ಅದೇ ಪತ್ರಿಕೆಯಲ್ಲಿ ಚರ್ಚಿಸಿದ. ಆ ಚರ್ಚೆ ಹೇಗೇ ಇರಲಿ, ಕುದಿಸಿದಾಗ ನೀರಿನಲ್ಲಿ ಕರಗಿದ ಗಾಳಿ ಹೊರಹೋಗುತ್ತದೆ ಮತ್ತು ತಾತ್ಕಾಲಿಕ ಗಡಸುತನ ಸುಣ್ಣವಾಗಿ ತಳಕ್ಕಿಳಿಯುತ್ತದೆ ಎಂಬುದು ನಮಗೆ ಗೊತ್ತು. ಬರ್ಫ ಮಾಡುವವನು ಮೊದಲು ನೀರನ್ನು ನೋಡಬೇಕೆಂಬ ಪಾಠ ಆ ಕುಶಲಕರ್ಮಿಗಳಿಗೆ ಅನುಭವದಿಂದಲೇ ತಿಳಿದಿತ್ತು.

ಹಡಗೇರಿ ಬಂದ ಬರ್ಫ

1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ಬಂದರಿನಿಂದ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಬರ್ಫ ಹೇರಿಕೊಂಡು ಹೊರಟಿತು. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯ ಸಾಹಸವಿದು. ನಾಲ್ಕು ತಿಂಗಳ ಕಾಲ ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿ ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಉಳಿದಿತ್ತು. ಇದು ಹೇಗೆ ಸಾಧ್ಯವಾಯಿತು? 1 ಕಿ.ಗ್ರಾಂ ಬರ್ಫ ಕರಗಿ ನೀರಾಗಲು 334 ಕಿಲೋಜೂಲ್ ಉಷ್ಣ ಬೇಕು. ಇದೇ ಬ್ಲ್ಯಾಕ್ ಕಂಡ ಗುಪ್ತೋಷ್ಣ. ಬರ್ಫದ ಸುತ್ತ ಮರದ ಹೊಟ್ಟಿನಂಥ ಉಷ್ಣರೋಧಕವನ್ನು ತುಂಬಿದರೆ ಅಷ್ಟು ಉಷ್ಣ ಒಳನುಗ್ಗಲು ಬಹಳ ಕಾಲ ಹಿಡಿಯುತ್ತದೆ.

ಮದರಾಸಿನ ಕಡಲತೀರದಲ್ಲಿ ಟ್ಯೂಡರನ ಬರ್ಫವನ್ನು ಇಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಕಟ್ಟಡ ಇಂದಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಅದನ್ನು ಈಗ ವಿವೇಕಾನಂದರ್ ಇಲ್ಲಂ ಎಂದು ಕರೆಯುತ್ತಾರೆ. ಈ ಬರ್ಫ ಬಂದರು ಪಟ್ಟಣಗಳ ಉಳ್ಳವರ ಸೊತ್ತಾಗಿತ್ತು. ಅದರ ಹಿರಿಮೆಯೂ ನೀರಿನದೇ: ತಿಳಿಯಾದ ಸಿಹಿನೀರಿನ ಕೊಳಗಳಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದ್ದರಿಂದ ಅದು ಗಾಜಿನಂತೆ ಪಾರದರ್ಶಕವಾಗಿರುತ್ತಿತ್ತು. ನೀರು ಒಂದು ಕಡೆಯಿಂದ ಮೆಲ್ಲನೆ ಹೆಪ್ಪುಗಟ್ಟಿದಾಗ ಲವಣಗಳೂ ಗಾಳಿಯೂ ಉಳಿದ ನೀರಿನತ್ತ ತಳ್ಳಲ್ಪಡುತ್ತವೆ. ನಮ್ಮ ಫ್ರಿಜ್ಜಿನ ಬಿಲ್ಲೆ ಎಲ್ಲ ಕಡೆಯಿಂದ ಒಮ್ಮೆಲೇ ಹೆಪ್ಪುಗಟ್ಟುವುದರಿಂದ ಅವು ನಡುವೆ ಸಿಕ್ಕಿಬಿದ್ದು ಹಾಲಿನಂಥ ಬಿಳಿ ತಿರುಳಾಗುತ್ತವೆ.

ಯಂತ್ರದ ಬರ್ಫ

ಕೃತಕ ಚಳಿಯ ಮೂಲತತ್ತ್ವ ನಮ್ಮ ಮಣ್ಣಿನ ಹೂಜಿಯದೇ. ದ್ರವ ಆವಿಯಾಗುವಾಗ ಉಷ್ಣವನ್ನು ಹೀರುತ್ತದೆ. ಸ್ಕಾಟ್ಲೆಂಡಿನ ವಿಲಿಯಂ ಕಲ್ಲೆನ್ 1750ರ ದಶಕದಲ್ಲಿ ಕಡಿಮೆ ಒತ್ತಡದಲ್ಲಿ ಈಥರನ್ನು ಆವಿಯಾಗಿಸಿ ಸ್ವಲ್ಪ ಬರ್ಫ ಮಾಡಿ ತೋರಿಸಿದ್ದ. ಆವಿಯಾದ ದ್ರವವನ್ನು ಕಳೆದುಕೊಳ್ಳದೆ, ಒತ್ತಿ, ತಂಪಾಗಿಸಿ, ಮತ್ತೆ ದ್ರವವಾಗಿಸಿ ಸುತ್ತಿಸುವ ಯಂತ್ರಕ್ಕೆ 1834ರಲ್ಲಿ ಜೇಕಬ್ ಪರ್ಕಿನ್ಸ್ ಪೇಟೆಂಟ್ ಪಡೆದ. ಫ್ಲಾರಿಡಾದ ವೈದ್ಯ ಜಾನ್ ಗೋರಿ ಜ್ವರದ ರೋಗಿಗಳ ಕೋಣೆಯನ್ನು ತಂಪಾಗಿಸಲು ಹೊರಟು 1851ರಲ್ಲಿ ಬರ್ಫ ಮಾಡುವ ಯಂತ್ರಕ್ಕೆ ಪೇಟೆಂಟ್ ಗಳಿಸಿದ. ಆಸ್ಟ್ರೇಲಿಯಾದಲ್ಲಿ ಜೇಮ್ಸ್ ಹ್ಯಾರಿಸನ್, ಫ್ರಾನ್ಸಿನಲ್ಲಿ ಫರ್ಡಿನಾಂಡ್ ಕಾರೆ, ಜರ್ಮನಿಯಲ್ಲಿ ಕಾರ್ಲ್ ಫಾನ್ ಲಿಂಡೆ ಇದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದರು. ಇಂಥ ಕಾರ್ಖಾನೆಗಳು ಭಾರತದ ಬಂದರುಗಳಲ್ಲೂ ತಲೆಯೆತ್ತಿದ ಮೇಲೆ ಹಡಗಿನ ಬರ್ಫದ ವ್ಯಾಪಾರ ಮುಳುಗಿತು.

ಮಂಗಳೂರು, ಮಲ್ಪೆಗಳ ಮೀನುಗಾರಿಕೆ ಬಂದರಿನ ಐಸ್ ಕಾರ್ಖಾನೆಗಳೂ ನಮ್ಮ ಊರುಗಳ ಐಸ್ ಕ್ಯಾಂಡಿ ಕಾರ್ಖಾನೆಗಳೂ ಈ ವಂಶದವೇ. ಉಪ್ಪುನೀರಿನ ದೊಡ್ಡ ತೊಟ್ಟಿಯನ್ನು ಶೂನ್ಯಕ್ಕಿಂತ ಕೆಳಗೆ ತಂಪಾಗಿಸಿ, ಅದರಲ್ಲಿ ಸಿಹಿನೀರಿನ ಅಚ್ಚುಗಳನ್ನು ಇಳಿಬಿಡುತ್ತಾರೆ.

ಆ ಕಾಲದ ಒಂದು ಕುರುಹು ಇಂದಿಗೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಏರ್ ಕಂಡೀಷನರನ್ನು ‘ಒಂದು ಟನ್’, ‘ಒಂದೂವರೆ ಟನ್’ ಎಂದು ಮಾರುತ್ತಾರಲ್ಲ, ಅದು ಯಂತ್ರದ ತೂಕವಲ್ಲ. 24 ಗಂಟೆಯಲ್ಲಿ ಒಂದು ಅಮೆರಿಕನ್ ಟನ್, ಅಂದರೆ 907 ಕಿ.ಗ್ರಾಂ ಬರ್ಫ ಕರಗಿ ಕೊಡುವಷ್ಟು ತಂಪು ಎಂದು ಅರ್ಥ. 907ನ್ನು 334ರಿಂದ ಗುಣಿಸಿ, ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 3.5 ಕಿಲೋವಾಟ್ ಬರುತ್ತದೆ. ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು.

ಬಿಡಿಸುವ ಸಮಸ್ಯೆ

ಫ್ರಿಜ್ ಮನೆಯೊಳಗೆ ಬಂದಾಗ ಹೊಸದೊಂದು ತೊಡಕು ಎದುರಾಯಿತು. ಬರ್ಫ ಕಟ್ಟುವುದು ಸುಲಭ, ಅಚ್ಚಿನಿಂದ ಬಿಡಿಸುವುದು ಕಷ್ಟ! ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗಿ ಅಚ್ಚನ್ನು ಬಿಗಿಯಾಗಿ ಹಿಡಿಯುತ್ತದೆ. ಕ್ಯಾಂಡಿ ಕಾರ್ಖಾನೆಯವನು ಅಚ್ಚನ್ನು ಒಂದು ಕ್ಷಣ ಸಾದಾ ನೀರಿನಲ್ಲಿ ಅದ್ದಿ ಬಿಡಿಸುತ್ತಾನೆ. ಇದು ಉಷ್ಣದ ಉಪಾಯ. ಅಮೆರಿಕದ ಲಾಯ್ಡ್ ಕೋಪ್‌ಮನ್ ಕೆಸರು ಹಿಮದಲ್ಲಿ ನಡೆಯುವಾಗ ತನ್ನ ರಬ್ಬರ್ ಬೂಟಿಗೆ ಅಂಟಿದ ಬರ್ಫ ಬೂಟು ಬಾಗಿದಾಗ ಉದುರುವುದನ್ನು ಕಂಡು ರಬ್ಬರ್ ಟ್ರೇ ರೂಪಿಸಿದ. 1933ರಲ್ಲಿ ಗೈ ಟಿಂಕಮ್ ಬಾಗಿಸಬಹುದಾದ ಉಕ್ಕಿನ ಟ್ರೇ ತಂದ. ಇದು ಬಾಗಿಸುವ ಉಪಾಯ. ಹಿಡಿ ತಿರುಗಿಸಿ ಬಿಲ್ಲೆ ಉದುರಿಸುವ ಇಂದಿನ ಪ್ಲಾಸ್ಟಿಕ್ ಟ್ರೇ ಇದರ ಮೊಮ್ಮಗ.

1953ರಲ್ಲಿ ಸರ್ವೆಲ್ ಎಂಬ ಅಮೆರಿಕದ ಕಂಪನಿ ಕೈಯಿಂದ ಮುಟ್ಟದೆಯೇ ಬರ್ಫ ಮಾಡುವ ಫ್ರಿಜ್ಜನ್ನು ಮಾರುಕಟ್ಟೆಗೆ ಬಿಟ್ಟಿತು. ಇಂಥ ಐಸ್ ಮೇಕರ್ ಮಾಡುವ ಕೆಲಸ ಇಷ್ಟೇ. ವಿದ್ಯುತ್ಕಾಂತದಿಂದ ತೆರೆಯುವ ಸೊಲೆನಾಯ್ಡ್ ಕವಾಟ ಕೆಲವೇ ಸೆಕೆಂಡು ತೆರೆದು ಅಚ್ಚಿಗೆ ನೀರು ಬಿಡುತ್ತದೆ. ಅಚ್ಚಿನ ಉಷ್ಣತೆ ಶೂನ್ಯಕ್ಕಿಂತ ಎಂಟು ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಥರ್ಮೋಸ್ಟಾಟ್ ಅಥವಾ ಉಷ್ಣತಾ ಸಂವೇದಕ ಅದನ್ನು ಗುರುತಿಸುತ್ತದೆ. ಆಗ ಸಣ್ಣ ಹೀಟರ್ ಅಚ್ಚನ್ನು ತುಸು ಬೆಚ್ಚಗಾಗಿಸಿ ಬೆರಳಿನಂಥ ಕಡ್ಡಿಗಳು ಬಿಲ್ಲೆಗಳನ್ನು ಹೊರದೂಡುತ್ತವೆ, ಇಲ್ಲವೆ ಮೋಟಾರು ಟ್ರೇಯನ್ನೇ ತಿರುಚುತ್ತದೆ. ಡಬ್ಬಿ ತುಂಬಿದಾಗ ಒಂದು ತಡೆಕಡ್ಡಿ ಮೇಲೆದ್ದು ಯಂತ್ರವನ್ನು ನಿಲ್ಲಿಸುತ್ತದೆ. ಕ್ಯಾಂಡಿಯವನ ಉಷ್ಣ, ಕೋಪ್‌ಮನ್ನನ ಬಾಗು ಎರಡೂ ಇಲ್ಲಿವೆ.

ಭಾರತದಲ್ಲಿ ಗೋದ್ರೆಜ್ ಕಂಪನಿ 1958ರಲ್ಲಿ ಫ್ರಿಜ್ ತಯಾರಿಸತೊಡಗಿತು. ಸ್ವಯಂಚಾಲಿತ ಐಸ್ ಮೇಕರ್ ಇಲ್ಲಿನ ಮನೆಗಳಿಗೆ ಬಂದದ್ದು ಬಹಳ ತಡವಾಗಿ. ಬರುವಾಗ ಅದು ತಾನು ಹುಟ್ಟಿದ ಊರಿನ ಒಂದು ನಂಬಿಕೆಯನ್ನೂ ಹೊತ್ತು ತಂದಿತು. ನಳದಲ್ಲಿ ಹಗಲು ರಾತ್ರಿ ಒತ್ತಡದಿಂದ ನುಗ್ಗುವ ನೀರಿದೆ ಎಂಬುದೇ ಆ ನಂಬಿಕೆ.

ಮತ್ತೆ ನರೇಗಲ್ಲಿಗೆ

ನರೇಗಲ್ಲಿನ ಇತಿಹಾಸದಲ್ಲಿ ನೀರಿಗೆ ದೊಡ್ಡ ಸ್ಥಾನವಿದೆ. ಇಲ್ಲಿನ ಕ್ರಿ.ಶ. 950ರ ಶಾಸನ, ಗಂಗ ಪೆರ್ಮಾಡಿ ಬೂತಯ್ಯನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯ ದಾನಶಾಲೆಗೆ ಕೆರೆಯೊಂದನ್ನು ದತ್ತಿ ಕೊಟ್ಟದ್ದನ್ನು ಹೇಳುತ್ತದೆ. ಉಣ್ಣಿಸುವ ಮನೆಗೆ ಮೊದಲು ನೀರು ಬೇಕೆಂದು ಆಗಿನವರು ಬಲ್ಲರು. ನಳದ ನೀರು ಬಂದ ದಿನ ತುಂಬಿಟ್ಟು, ಮುಂದಿನ ಸರದಿಯ ತನಕ ಬಳಸುವುದು ಈ ಸೀಮೆಯ ಮನೆಗಳ ರೂಢಿ. ಆ ಮನೆಯಲ್ಲೂ ಹಾಗೆಯೇ. ಒಂದೇ ಅಂತಸ್ತಿನ ಮನೆ, ಮಾಳಿಗೆಯ ಮೇಲೆ ಟ್ಯಾಂಕು. ನಳದ ಸರದಿ ತಪ್ಪಿದಾಗ ಅದಕ್ಕೆ ಕೊಳವೆ ಬಾವಿಯ ನೀರು.

ಫ್ರಿಜ್ಜಿನ ಹಿಂದಿನ ಕೊಳವೆಯ ಮಟ್ಟದಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ ಸುಮಾರು 4 ಮೀಟರ್ ಎತ್ತರವಿತ್ತು. ನೀರಿನ ಪ್ರತಿ ಮೀಟರ್ ಎತ್ತರ 9.8 ಕಿಲೋಪಾಸ್ಕಲ್ ಒತ್ತಡ ಕೊಡುತ್ತದೆ. ಅಂದರೆ ಇಲ್ಲಿ ದೊರೆಯುವುದು 39 ಕಿಲೋಪಾಸ್ಕಲ್. ಇಂಥ ಕವಾಟಗಳಿಗೆ ಸಾಮಾನ್ಯವಾಗಿ ಕನಿಷ್ಠ 140 ಕಿಲೋಪಾಸ್ಕಲಿನಷ್ಟು ಒತ್ತಡ ಬೇಕು. ಅದಕ್ಕೆ ಟ್ಯಾಂಕು 14 ಮೀಟರ್ ಎತ್ತರದಲ್ಲಿರಬೇಕು, ನಾಲ್ಕು ಅಂತಸ್ತಿನ ಮೇಲೆ! ಮಗ ಬೆಂಗಳೂರಿನಲ್ಲಿ ಇದ್ದದ್ದು ಬಹುಮಹಡಿ ಕಟ್ಟಡದ ಕೆಳ ಅಂತಸ್ತಿನಲ್ಲಿ.

ಕವಾಟಕ್ಕೆ ಹೋಗುವ ಕೊಳವೆಯನ್ನು ಬಿಚ್ಚಿ ಒಂದು ನಿಮಿಷ ಪಾತ್ರೆಗೆ ಹಿಡಿದೆವು. ಬಂದದ್ದು ಸುಮಾರು 400 ಮಿಲಿಲೀಟರ್. ಕವಾಟ 7 ಸೆಕೆಂಡು ತೆರೆದರೆ 47 ಮಿಲಿಲೀಟರ್ ಮಾತ್ರ ಅಚ್ಚಿಗೆ ಬೀಳುತ್ತದೆ. ಅಚ್ಚಿಗೆ ಬೇಕಾದದ್ದು ಅದರ ಎರಡು ಮೂರು ಪಟ್ಟು. ಯಂತ್ರ ನೀರನ್ನು ಅಳೆಯುವುದಿಲ್ಲ, ಕಾಲವನ್ನು ಅಳೆಯುತ್ತದೆ. ಬಿಲ್ಲೆ ತೆಳುವಾದದ್ದು ಇದಕ್ಕೇ.

ಆಮೇಲೆ ಪೂರ್ತಿ ನಿಂತದ್ದೇಕೆ? ಈ ಕವಾಟವನ್ನು ತೆರೆಯುವುದು ವಿದ್ಯುತ್ತಾದರೂ ಬಿಗಿಯಾಗಿ ಮುಚ್ಚಿಡುವುದು ನೀರಿನ ಒತ್ತಡವೇ. ಒತ್ತಡ ಸಾಲದಿದ್ದರೆ ಒಳಗಿನ ರಬ್ಬರ್ ಪೊರೆ ಸರಿಯಾಗಿ ಕೂರದೆ ನೀರು ಹನಿಹನಿಯಾಗಿ ಸೋರುತ್ತದೆ. ಆ ಹನಿಗಳು ಫ್ರೀಜರಿನೊಳಗಿನ ತುಂಬುಕೊಳವೆಯಲ್ಲೇ ಹೆಪ್ಪುಗಟ್ಟಿ ಬಿರಡೆ ಹಾಕಿದಂತಾಗುತ್ತದೆ. ನಾವು ಕಂಡದ್ದೂ ಅದನ್ನೇ. ಸಾಲದ್ದಕ್ಕೆ ಕವಾಟದ ಬಾಯಿಯ ಸಣ್ಣ ಜಾಲರಿಯಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಸೈರಿಸಬಹುದು. ಕೊಳವೆ ಬಾವಿಯ ಗಡಸು ನೀರು ಇಂಥ ಜಾಲರಿಗೆ ಶತ್ರು. ಐಸ್ ಮೇಕರಿನ ಮೋಟಾರು, ಹೀಟರು, ಥರ್ಮೋಸ್ಟಾಟ್ ಎಲ್ಲವೂ ಸರಿಯಾಗಿಯೇ ಇದ್ದವು.

ಮನೆಯಲ್ಲೇ ಮಾಡಬಹುದಾದದ್ದು

ನಾವು ಮಾಡಿದ ಕ್ರಮವನ್ನು ಇತರರೂ ಅನುಸರಿಸಬಹುದು. ಮೊದಲು ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು, ನೀರಿನ ನಳವನ್ನು ಮುಚ್ಚಬೇಕು. ಫ್ರೀಜರನ್ನು ಖಾಲಿ ಮಾಡಿ ಬಾಗಿಲು ತೆರೆದಿಟ್ಟರೆ ಕೆಲವು ಗಂಟೆಗಳಲ್ಲಿ ಕೊಳವೆಯ ಬರ್ಫ ತಾನೇ ಕರಗುತ್ತದೆ. ಅವಸರವಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೊಳವೆಗೆ ಸುತ್ತಬಹುದು. ಜಾಲರಿಯನ್ನು ಬಿಚ್ಚಿ ಸಿಟ್ರಿಕ್ ಆಮ್ಲದ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪಿನ ದ್ರಾವಣದಲ್ಲಿ ನೆನೆಸಿದರೆ ಸುಣ್ಣ ಗುಳ್ಳೆಯೆದ್ದು ಕರಗುತ್ತದೆ. ಆ ಗುಳ್ಳೆಗಳು ಇಂಗಾಲದ ಡೈಆಕ್ಸೈಡಿನವು. ನೀರಿನ ಫಿಲ್ಟರ್ ಹಳೆಯದಾಗಿದ್ದರೆ ಬದಲಿಸಬೇಕು. ಆಮೇಲೆ ಒಂದು ನಿಮಿಷದ ನೀರನ್ನು ಅಳೆದು ನೋಡಬೇಕು. ಫ್ರೀಜರಿನ ಉಷ್ಣತೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿದೆಯೇ, ತಡೆಕಡ್ಡಿ ಕೆಳಗೆ ಇಳಿದಿದೆಯೇ ಎಂಬುದನ್ನೂ ಗಮನಿಸಬೇಕು. ಮತ್ತೆ ಚಾಲೂ ಮಾಡಿದಾಗ ಮೊದಲ ಎರಡು ಬಾರಿಯ ಬಿಲ್ಲೆಗಳನ್ನು ಚೆಲ್ಲಬೇಕು.

ಒತ್ತಡದ ಕೊರತೆ ನೀಗಲು ಎರಡು ದಾರಿಗಳಿದ್ದವು. ಒಂದು, ಕೊಳವೆಗೆ ಒತ್ತಡ ಹೆಚ್ಚಿಸುವ ಸಣ್ಣ ಪಂಪು ಜೋಡಿಸುವುದು. ಇನ್ನೊಂದು, ಸಾದಾ ತಿರುಚುವ ಟ್ರೇ ತಂದು ಕೈಯಿಂದಲೇ ನೀರು ತುಂಬುವುದು. ಆ ಮನೆಯವರು ಪಂಪು ಹಾಕಿಸಿದರು. ಜೊತೆಗೆ ಕರೆಂಟು ಇಲ್ಲದ, ಟ್ಯಾಂಕು ಬರಿದಾದ ದಿನಗಳಿಗೆಂದು ನಾಲ್ಕು ಟ್ರೇಗಳನ್ನೂ ಇಟ್ಟುಕೊಂಡರು. ಎರಡೂ ಸೇರಿ ಆದ ಖರ್ಚು ಮೆಕ್ಯಾನಿಕ್ ಹೇಳಿದ್ದಕ್ಕಿಂತ ಬಹಳ ಕಡಿಮೆ.

ಮುಟ್ಟಬಾರದ ಭಾಗ

ನೀರಿನ ದಾರಿಯನ್ನು ಮನೆಯಲ್ಲಿ ಬಿಚ್ಚಬಹುದು. ಆದರೆ ಶೀತಕ ಅನಿಲ ಹರಿಯುವ ದಾರಿಯನ್ನು ಮುಟ್ಟಬಾರದು. ಇದಕ್ಕೂ ಒಂದು ಇತಿಹಾಸವಿದೆ. ಮೊದಲ ಫ್ರಿಜ್ಜುಗಳಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡುಗಳಂಥ ವಿಷಾನಿಲಗಳಿದ್ದವು. ಸೋರಿಕೆಯಿಂದ ಸಾವುಗಳಾದವು. 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು ವಿಷವಲ್ಲದ, ಹೊತ್ತದ ಫ್ರಿಯಾನನ್ನು ಕಂಡುಹಿಡಿದಾಗ ಸಮಸ್ಯೆ ತೀರಿತೆಂದೇ ಎಲ್ಲರೂ ಭಾವಿಸಿದರು. ಆದರೆ ಇಂಥ ಅನಿಲಗಳು ಓಜೋನ್ ಪದರವನ್ನು ತಿನ್ನುತ್ತವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಭಾರತ 1992ರಲ್ಲಿ ಅದನ್ನು ಸೇರಿತು. ಇಂದಿನ ಅನೇಕ ಮನೆಬಳಕೆಯ ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಅದು ಓಜೋನಿಗೆ ಹಾನಿ ಮಾಡದು, ಆದರೆ ಅಡುಗೆ ಅನಿಲದಂತೆ ಬೆಂಕಿ ಹಿಡಿಯುತ್ತದೆ.

ಆದ್ದರಿಂದ ಕಟ್ಟಿದ ಬರ್ಫವನ್ನು ಚಾಕು, ಸ್ಕ್ರೂಡ್ರೈವರುಗಳಿಂದ ಕೆತ್ತಬಾರದು. ತೆಳುವಾದ ಅಲ್ಯೂಮಿನಿಯಂ ಕೊಳವೆಗೆ ಒಂದು ತೂತು ಬಿದ್ದರೆ ಅನಿಲವೆಲ್ಲ ಹೋಗುತ್ತದೆ. ಆಗ ಹಾಳಾಗುವುದು ಐಸ್ ಮೇಕರ್ ಅಲ್ಲ, ಇಡೀ ಫ್ರಿಜ್. ಹತ್ತಿರ ಮೇಣದಬತ್ತಿ, ಸ್ಟೌ ಹಿಡಿಯುವುದಂತೂ ಕೂಡದು. ಅನಿಲ ತುಂಬುವ ಕೆಲಸ ತರಬೇತಿ ಪಡೆದವರದು. ಹಾಗೆಯೇ ಇನ್ನೊಂದು ಮಾತು: ಬರ್ಫ ಕಟ್ಟಿದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಅನೇಕ ರೋಗಾಣುಗಳು ಫ್ರೀಜರಿನಲ್ಲಿ ಸಾಯದೆ ಉಳಿಯುತ್ತವೆ. ಕುಡಿಯಲು ಯೋಗ್ಯವಾದ ನೀರಿನಿಂದಲೇ ಬರ್ಫ ಮಾಡಬೇಕು.

ತರಗತಿಯಲ್ಲಿ

ಶಿಕ್ಷಕರು ಇದನ್ನು ಸುಲಭವಾದ ಪ್ರಯೋಗವಾಗಿಸಬಹುದು. ಕೊಳವೆ ಬಾವಿಯ ನೀರು, ಅದನ್ನೇ ಕುದಿಸಿ ಆರಿಸಿ ಸೋಸಿದ ನೀರು, ಮಳೆನೀರು, ಈ ಮೂರನ್ನೂ ಒಂದೇ ಟ್ರೇಯ ಬೇರೆ ಬೇರೆ ಮನೆಗಳಲ್ಲಿ ಹೆಪ್ಪುಗಟ್ಟಿಸಿರಿ. ಯಾವ ಬಿಲ್ಲೆಯ ತಿರುಳು ಹೆಚ್ಚು ಬಿಳುಪಾಗಿದೆ? ಪ್ರತಿಯೊಂದನ್ನೂ ಗಾಜಿನ ಲೋಟದಲ್ಲಿ ಕರಗಿಸಿದಾಗ ಯಾವುದರಲ್ಲಿ ಬಿಳಿ ಚೂರುಗಳು ತೇಲುತ್ತವೆ? ಆ ಚೂರುಗಳಿಗೆ ಎರಡು ಹನಿ ನಿಂಬೆರಸ ಹಾಕಿದರೆ ಏನಾಗುತ್ತದೆ? ಅಲಹಾಬಾದಿನ ಕುಶಲಕರ್ಮಿಗಳು ಮೆದು ನೀರನ್ನೇ ಆರಿಸಿ ಕುದಿಸುತ್ತಿದ್ದುದರ ಒಂದು ಕಾರಣವನ್ನು ಮಕ್ಕಳೇ ಊಹಿಸಿ ಹೇಳಿಯಾರು.

ಅಂದು ಸಂಜೆ ಮೊದಲ ತುಂಬು ಬಿಲ್ಲೆಗಳು ಡಬ್ಬಿಗೆ ಬಿದ್ದ ಸದ್ದು ಕೇಳಿ ಆ ತಾಯಿ, “ಅಂದ್ರ ಯಂತ್ರ ಕೆಟ್ಟಿದ್ದಿಲ್ಲ. ಅದಕ್ಕ ನಮ್ಮೂರ ನೀರು ಗೊತ್ತಿದ್ದಿಲ್ಲ, ಹೌದಿಲ್ರಿ?” ಎಂದರು. ದುರಸ್ತಿಗೆ ಕೈಹಾಕುವ ಮುನ್ನ ಯಾವ ಯಂತ್ರದ ಬಗೆಗೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ಅದು ಯಾವ ಊರಿಗೆಂದು ಹುಟ್ಟಿತು, ಈಗ ಯಾವ ಊರಿನಲ್ಲಿದೆ?